ಅಂಚಿಲ್ಲದ ನೆರಳು ಹುಡುಕುತ್ತಾ ಏರ್‌ಬ್ರಶ್ ಕಲಿತೆ

ಏರ್‌ಬ್ರಶ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಉಪಕರಣ) ಎಲ್ಲಿ ಕಲಿತಿರಿ ಅಂತ ತುಂಬಾ ಜನ ಕೇಳುತ್ತಾರೆ. ಯಾರ ಹತ್ತಿರವೂ ಅಲ್ಲ. ಪುತ್ತೂರಿನ ಕಡೆ ಒಂದು ಗ್ಯಾರೇಜಿನಲ್ಲಿ ಕಾರುಗಳಿಗೆ ಪೇಂಟ್ ಹೊಡೆಯುತ್ತಿದ್ದೆ, ಹಾಗಾಗಿ ಸ್ಪ್ರೇ ಗನ್ ಕೈಗೆ ಪಳಗಿತ್ತು. ಚಿತ್ರದ ಹುಚ್ಚು ಮಾತ್ರ ಅದಕ್ಕೂ ಹಳೆಯದು. ಅದು ಹಿಡಿದದ್ದು ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ.

ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ವೇಷ, ಸಿದ್ಧವಾಗುವುದನ್ನು ನೋಡಿದ್ದೀರಾ? ಅಕ್ಕಿಹಿಟ್ಟು, ಸುಣ್ಣ ಸೇರಿಸಿ ಕಲಸಿ, ಕಡ್ಡಿಯಿಂದ ಮುಖದ ಮೇಲೆ ಒಂದೊಂದೇ ಚುಟ್ಟಿ (ಬಿಳಿಯ ಉಬ್ಬು ಚುಕ್ಕೆ) ಇಡುತ್ತಾ ಹೋಗುತ್ತಾರೆ. ಗಂಟೆಗಟ್ಟಲೆ ಕೆಲಸ. ಮುಗಿದ ಮೇಲೆ ಪ್ರತಿ ಚುಟ್ಟಿಯೂ ಮುಳ್ಳಿನ ಹಾಗೆ ಎದ್ದು ನಿಲ್ಲುತ್ತದೆ, ದೀಪದ ಬೆಳಕಿಗೆ ಅದರ ಪುಟ್ಟ ನೆರಳು ಪಕ್ಕದ ಕೆಂಪಿನ ಮೇಲೆ ಬೀಳುತ್ತದೆ. ಆ ನೆರಳನ್ನು ಕುಂಚದಲ್ಲಿ ಎಷ್ಟು ಬರೆದರೂ ಗೆರೆ ಉಳಿಯುತ್ತಿತ್ತು. ನೆರಳಿಗೆ ಗೆರೆ ಇಲ್ಲ ಅಲ್ವಾ! ಏರ್‌ಬ್ರಶ್‌ನಲ್ಲಿ ಬಣ್ಣ ಮಂಜಾಗಿ ಕೂರುತ್ತದೆ, ಅಂಚು ತಾನಾಗಿಯೇ ಕರಗುತ್ತದೆ. ಇದು ಗೊತ್ತಾದ ದಿನವೇ ನನಗೆ ಬೇಕಾದದ್ದು ಇದೇ ಅನ್ನಿಸಿತು. 19ನೇ ಶತಮಾನದ ಕೊನೆಗೆ ಅಮೆರಿಕದಲ್ಲಿ ಶುರುವಾದ ಈ ಉಪಕರಣ ಬೆಳೆದದ್ದೂ ಫೋಟೊ ತಿದ್ದುವವರ ಕೈಯಲ್ಲೇ.

ಡಬಲ್ ಆಕ್ಷನ್ ಏರ್‌ಬ್ರಶ್‌ನಲ್ಲಿ ಟ್ರಿಗರ್ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಕೇಳಲು ಸುಲಭ. ಆದರೆ ಬೆರಳಿಗೆ ಹತ್ತಬೇಕಾದದ್ದು ಇನ್ನೊಂದಿದೆ: ಕೈ ಚಲಿಸಲು ಶುರುವಾದ ಮೇಲೆ ಬಣ್ಣ ಬರಬೇಕು, ಕೈ ನಿಲ್ಲುವ ಮೊದಲೇ ಬಣ್ಣ ನಿಲ್ಲಬೇಕು. ಇಲ್ಲದಿದ್ದರೆ ಗೆರೆಯ ಎರಡೂ ತುದಿಯಲ್ಲಿ ಗುಂಡು ಚುಕ್ಕೆ ಬೀಳುತ್ತದೆ. ಹಳೇ ಪೇಪರಿನ ಮೇಲೆ ಒಂದು ತುದಿ ದಪ್ಪ, ಇನ್ನೊಂದು ತುದಿ ಕೂದಲೆಳೆಯಷ್ಟು ಸಣ್ಣ ಇರುವ ಗೆರೆಗಳನ್ನೇ ಎಳೆಯುತ್ತಾ ಕೂತೆ. ಸುಮ್ನೆ ಚಿತ್ರಕ್ಕೆ ಹಾರುವುದಕ್ಕಿಂತ ಇದೇ ಮುಖ್ಯ ಅಂತ ಈಗಲೂ ಹೇಳುತ್ತೇನೆ.

ನಮ್ಮ ಕರಾವಳಿಯಲ್ಲಿ ಇನ್ನೊಂದು ತಲೆನೋವು ಮಳೆಗಾಲ. ಗಾಳಿಯ ಪಸೆ ಕಂಪ್ರೆಸರ್‌ನಲ್ಲಿ ನೀರಾಗಿ, ಪೈಪಿನಲ್ಲಿ ಬಂದು, ಬಣ್ಣದ ನಡುವೆ ಉಗುಳುತ್ತದೆ. ಆ ನೀರು ಹಿಡಿದಿಡುವ ಮಾಯಿಶ್ಚರ್ ಟ್ರ್ಯಾಪ್ ಹಾಕಿ, ಅದರಲ್ಲಿ ಸೇರಿದ ನೀರನ್ನು ಆಗಾಗ ಹೊರಗೆ ಬಿಡಲೇಬೇಕು.

ನನ್ನ ಮನಸ್ಸಿಗೆ ತುಂಬಾ ಹತ್ತಿರವಾದ ಕೆಲಸ ಒಂದು ಬುಲೆಟ್ ಟ್ಯಾಂಕಿನ ಮೇಲಿನ ಬಣ್ಣದ ವೇಷ. ಕೆಂಪು ಒಣಗಿದ ಮೇಲೆ ಮೊದಲು ನೆರಳು ಹಾಕಿದೆ. ತೀರಾ ತೆಳು ಕಪ್ಪು, ಒತ್ತಡ 15 ಪಿಎಸ್ಐ ಆಸುಪಾಸು, ಮೇಲ್ಮೈಗೆ ತುಂಬಾ ಹತ್ತಿರ ಹೋಗಿ, ಒಂದೇ ದಿಕ್ಕಿಗೆ. ಚುಟ್ಟಿಯ ಅಂಚು ಮಾತ್ರ ಚೂಪಾಗಿಯೇ ಇರಬೇಕು, ಅದಕ್ಕೆ ಮೇಲ್ಮೈಗೆ ಅಂಟಿಸಿ ಬಣ್ಣ ತಡೆಯುವ ಮಾಸ್ಕಿಂಗ್ ಫಿಲ್ಮಿನಲ್ಲಿ ಸಣ್ಣ ತೂತು ಕೊರೆದು, ನೆರಳಿನ ಒಂದು ಬದಿ ಮುಚ್ಚುವ ಹಾಗೆ ಬಿಳಿ ಹೊಡೆದೆ. ಫಿಲ್ಮ್ ಎತ್ತಿದಾಗ ಚುಟ್ಟಿ ಎದ್ದು ನಿಂತಿತ್ತು. ಗಾಡಿಯ ಯಜಮಾನರು ಬಂದವರೇ ಬೆರಳಿಂದ ಸವರಿ ನೋಡಿದರು, ಉಬ್ಬಿದೆ ಅಂತಲೇ ನಂಬಿದ್ದರು. ಆ ಖುಷಿಗೆ ದುಡ್ಡಿನ ಲೆಕ್ಕ ಇಲ್ಲ.

ಹೊಸಬರಿಗೆ 0.3 ಮಿ.ಮೀ. ನಾಝಲ್ (ಬಣ್ಣ ಹೊರಬರುವ ತೂತು) ಇರುವ ಒಂದು ಏರ್‌ಬ್ರಶ್ ಸಾಕು, ಜಾಸ್ತಿ ಬೇಡ. ದುಡ್ಡು ಉಳಿದರೆ ಮೂಗು-ಬಾಯಿ ಮುಚ್ಚುವ ಒಳ್ಳೆ ಮಾಸ್ಕಿಗೆ ಹಾಕಿ. ಕೊನೆಗೆ ಹೊಡೆಯುವ, ಎರಡು ದ್ರವ ಬೆರೆಸಿದ ಪಾರದರ್ಶಕ ಲೇಪವಾದ ಟು-ಕೆ ಕ್ಲಿಯರ್‌ನ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ನಿಜಕ್ಕೂ ಕೆಟ್ಟದ್ದು. ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಕ್ಲಿಯರ್ ಹೊಡೆಯುವ ಹುಡುಗರನ್ನು ಕಂಡಾಗಲೆಲ್ಲ ನಿಲ್ಲಿಸಿ ಹೇಳುತ್ತೇನೆ, ಇಲ್ಲೂ ಹೇಳುತ್ತಿದ್ದೇನೆ.