ರಂಗಕ್ಕಾಗಿ ಸೆಡಾನ್ ಕುರ್ಚಿ ಕಟ್ಟಿದ ಅನುಭವ

18ನೆಯ ಶತಮಾನದ ಇಂಗ್ಲೆಂಡಿನಲ್ಲಿ ನಡೆಯುವ ನಾಟಕವೊಂದಕ್ಕೆ ಸೆಡಾನ್ ಕುರ್ಚಿ, ಅಂದರೆ ಒಬ್ಬರು ಒಳಗೆ ಕೂರುವ, ಇಬ್ಬರು ಹೊರುವ ಮುಚ್ಚಿದ ಪೆಟ್ಟಿಗೆಯಂಥ ಆಸನ, ಬೇಕೆಂದು ನಿರ್ದೇಶಕರು ಕೇಳಿದಾಗ, ರಂಗಪರಿಕರಗಳನ್ನು ಮಾಡುವ ನಾನು ಮೊದಲು ನಮ್ಮ ಪಲ್ಲಕ್ಕಿಯ ಲೆಕ್ಕದಲ್ಲೇ ಯೋಚಿಸತೊಡಗಿದೆ. ಆದರೆ ಎರಡರ ಕಟ್ಟಣೆಯೇ ಬೇರೆ. ಪಲ್ಲಕ್ಕಿಯ ದಂಡಿಗೆ ಹೊರುವವರ ಹೆಗಲೇರುತ್ತದೆ. ಇಲ್ಲಿ ಪೆಟ್ಟಿಗೆಯ ಎರಡು ಪಕ್ಕಗಳಲ್ಲಿ ಒಂದೊಂದು ದಂಡಿಗೆಯಿದ್ದು, ಮುಂದೊಬ್ಬ ಹಿಂದೊಬ್ಬ ಅವನ್ನು ಸೊಂಟದ ಮಟ್ಟಕ್ಕೆ ಕೈಯಲ್ಲಿ ಹಿಡಿಯುತ್ತಾರೆ, ಹೆಗಲಿನಿಂದ ಇಳಿಬಿಟ್ಟ ಚರ್ಮದ ಪಟ್ಟಿ ಭಾರವನ್ನು ಹಂಚಿಕೊಳ್ಳುತ್ತದೆ.

ಲಂಡನ್ನಿನಲ್ಲಿ ಇಂಥ ಕುರ್ಚಿಗಳನ್ನು ಬಾಡಿಗೆಗೆ ಬಿಡುವ ಏಕಸ್ವಾಮ್ಯದ ಹಕ್ಕನ್ನು 1634ರಲ್ಲಿ ಸರ್ ಸ್ಯಾಂಡರ್ಸ್ ಡನ್‌ಕೋಂಬ್ ಪಡೆದಿದ್ದ. ಕೆಸರು ತುಂಬಿದ, ಸಾರೋಟುಗಳು ಸಿಕ್ಕಿಕೊಳ್ಳುತ್ತಿದ್ದ ಬೀದಿಗಳಲ್ಲಿ ರೇಷ್ಮೆಯುಟ್ಟವರು ತಮ್ಮ ಮನೆಯ ಪಡಸಾಲೆಯಲ್ಲೇ ಕುರ್ಚಿಯೇರಿ, ಇನ್ನೊಬ್ಬರ ಪಡಸಾಲೆಯಲ್ಲಿ ಇಳಿಯಬಹುದಾಗಿತ್ತು. ಬಾತ್ ನಗರದಲ್ಲಂತೂ ರೋಗಿಗಳನ್ನು ಬಿಸಿನೀರಿನ ಸ್ನಾನಗೃಹಗಳಿಗೆ ಹೀಗೆಯೇ ಹೊತ್ತೊಯ್ಯುತ್ತಿದ್ದರು.

ಮನೆಯೊಳಗಿನ ಈ ಹತ್ತುವಿಕೆ ಇಳಿಯುವಿಕೆಗಳೇ ಅದರ ರಚನೆಯನ್ನು ನಿರ್ಧರಿಸಿವೆಯೆಂಬುದು ಕೆಲಸಕ್ಕಿಳಿದ ಮೇಲೆ ನನಗೆ ಸ್ಪಷ್ಟವಾಯಿತು. ಬಾಗಿಲು ಮುಂಭಾಗದಲ್ಲಿದೆ, ದಂಡಿಗೆಗಳನ್ನು ಕಬ್ಬಿಣದ ಕೊಂಡಿಗಳಿಂದ ಎಳೆದು ತೆಗೆಯಬಹುದು, ಛಾವಣಿಗೆ ಹಿಂಬದಿಯಲ್ಲಿ ಕೀಲಿರುವುದರಿಂದ ಅದನ್ನು ಮೇಲೆತ್ತಿದರೆ ಒಳಗಿರುವವರು ನೆಟ್ಟಗೆ ನಿಂತು ಹೊರಬರಬಹುದು. ನಮ್ಮ ನಾಯಕಿಯ ಎತ್ತರದ ಕೃತಕ ಕೇಶಾಲಂಕಾರ ಉಳಿದದ್ದು ಈ ಕೀಲಿನ ಕೃಪೆಯಿಂದ.

ಪೆಟ್ಟಿಗೆಯ ಚೌಕಟ್ಟನ್ನು ಹಗುರ ಮರದಲ್ಲಿ ಮಾಡಿ, ಮೇಲೆ ತೆಳು ಪ್ಲೈವುಡ್ ಹೊಡೆದು, ಕಪ್ಪು ರೆಕ್ಸಿನ್ ಅಂಟಿಸಿದೆ; ಮೂಲದಲ್ಲಿ ಚರ್ಮ ಹೊದಿಸುತ್ತಿದ್ದರು. ಅದಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ದಂಡಿಗೆಗಳು. ಗಟ್ಟಿಯಾದ ಮರ ಹಾಕಿದರೆ ಪ್ರತಿ ಹೆಜ್ಜೆಯ ಪೆಟ್ಟೂ ಕೂತವರ ಬೆನ್ನಿಗೆ ತಾಗುತ್ತದೆ, ಆದ್ದರಿಂದ ಸುಮಾರು 10 ಅಡಿ ಉದ್ದದ, ತುಸು ಬಳುಕುವ ಸರ್ವೆ ಗಳಗಳನ್ನು ಆರಿಸಿದೆ. ಹೊರುವ ನಟರಿಬ್ಬರೂ ಸೈನಿಕರಂತೆ ಒಂದೇ ಕಾಲು ಮುಂದಿಟ್ಟು ನಡೆದಾಗ ಆ ಬಳುಕು ಕೂಡಿಕೊಂಡು ಪೆಟ್ಟಿಗೆ ತೊಟ್ಟಿಲಾಗುತ್ತಿತ್ತು. ಒಬ್ಬನ ಎಡಗಾಲಿಗೆ ಇನ್ನೊಬ್ಬನ ಬಲಗಾಲು ಹೊಂದುವಂತೆ ಅಭ್ಯಾಸ ಮಾಡಿಸಿದ ಮೇಲೆ ತೂಗಾಟ ಬಹುಮಟ್ಟಿಗೆ ನಿಂತಿತು.

19ನೆಯ ಶತಮಾನದ ಆರಂಭದ ಹೊತ್ತಿಗೆ ರಸ್ತೆಗಳು ಸುಧಾರಿಸಿ, ಊರು ಬೆಳೆದು, ಬಾಡಿಗೆ ಗಾಡಿಗಳು ಅಗ್ಗವಾಗಿ, ಈ ಕುರ್ಚಿಗಳು ಮೂಲೆ ಸೇರತೊಡಗಿದವು. ಎತ್ತರ ಬೇರೆಬೇರೆಯಾದ ಇಬ್ಬರು ನಟರಿಂದ ಇದನ್ನು ಹೊರಿಸುವವರಿಗೆ ಒಂದು ಮಾತು: ಹೆಗಲ ಪಟ್ಟಿಗೆ ಬಕಲ್ ಹಾಕಿ ಅವರವರ ಅಳತೆಗೆ ಬಿಗಿದುಕೊಳ್ಳಿ, ಇಲ್ಲವಾದರೆ ಕುರ್ಚಿ ಒಂದೇ ಕಡೆಗೆ ವಾಲಿ ಗಿಡ್ಡನ ಮೊಣಕೈ ಸೋಲುತ್ತದೆ.