ಕೃತ್ತಿಕೆಯ ಫೋಟೊ: ಕೆಡುವುದು ಫೋಕಸ್‌ನಲ್ಲೇ

ಎಳ್ಳಮಾವಾಸ್ಯೆಯ ಆಸುಪಾಸು ರಾತ್ರಿ ಒಂಬತ್ತರ ಹೊತ್ತಿಗೆ ಕೃತ್ತಿಕಾ ನಕ್ಷತ್ರಗುಚ್ಛ ವಿಜಯಪುರದಲ್ಲಿ ನೆತ್ತಿಯ ಹತ್ತಿರ ಬಂದಿರುತ್ತದೆ. ಕಾರ್ತಿಕ ಹುಣ್ಣಿಮೆಗೆ ಮಾತ್ರ ಕೈಹಾಕಬೇಡಿ, ಚಂದ್ರ ಅದರ ಹತ್ತಿರವೇ ಇರುತ್ತಾನೆ. ಮುಧೋಳ, ಜಮಖಂಡಿ ಕಡೆಯವರು ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆಗಳ ಹೊಗೆ, ದೀಪ ದಾಟಿ ಹೋಗಬೇಕು.

80 ಮಿ.ಮೀ. ಮಸೂರ, 400 ಮಿ.ಮೀ. ಫೋಕಲ್ ಲೆಂತ್ ಇರುವ ದೂರದರ್ಶಕ ಸಾಕು. ಎಪಿಎಸ್-ಸಿ (ಸುಮಾರು 23 ಮಿ.ಮೀ. ಅಗಲದ) ಸೆನ್ಸರ್‌ನ ಕ್ಯಾಮೆರಾದಲ್ಲಿ ಆಕಾಶದ 3 ಡಿಗ್ರಿಗೂ ಹೆಚ್ಚು ಅಗಲ ಸಿಗುತ್ತದೆ. ಗುಚ್ಛ 2 ಡಿಗ್ರಿಯೊಳಗೇ ಇದೆ. ಡಬ್ಬಿಯ ಮೇಲೆ ‘525 ಪಟ್ಟು’ ಎಂದು ಬರೆದ ಪ್ಲಾಸ್ಟಿಕ್ ದೂರದರ್ಶಕ ಕೊಳ್ಳಲೇಬೇಡಿ.

ಮೊದಲು ಟ್ರೈಪಾಡ್. ಎರೆಹೊಲದಲ್ಲಿ ಕಾಲು ನಿಧಾನಕ್ಕೆ ಇಳಿಯುತ್ತವೆ, ಪ್ರತಿ ಕಾಲಿನಡಿ ಫರ್ಸಿ ತುಂಡು ಇಡಿ. ಈಕ್ವಟೋರಿಯಲ್ ಮೌಂಟ್‌ನ (ನಕ್ಷತ್ರಗಳ ಚಲನೆಯ ಜೊತೆ ತಿರುಗುವ ಆಧಾರ) ಅಕ್ಷವನ್ನು ವಿಜಯಪುರದ ಅಕ್ಷಾಂಶಕ್ಕೆ ತಕ್ಕಂತೆ 17 ಡಿಗ್ರಿಗೆ ಇಳಿಸಿ ಧ್ರುವದತ್ತ ತಿರುಗಿಸಿ. ಕೆಲವು ಮೌಂಟ್‌ಗಳಲ್ಲಿ ಇಷ್ಟು ಇಳಿಸಿದರೆ ತೂಕದ ಸರಳು ಟ್ರೈಪಾಡ್ ಕಾಲಿಗೆ ಬಡಿಯುತ್ತದೆ. ಕೊಳ್ಳುವ ಮುನ್ನವೇ ನೋಡಿಕೊಳ್ಳಿ.

ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ತೆಗೆದು, ಟಿ-ರಿಂಗ್ ಎಂಬ ಜೋಡಣೆ ಬಳೆಯಿಂದ ಲೆನ್ಸ್ ತೆಗೆದ ಕ್ಯಾಮೆರಾ ಜೋಡಿಸಿ.

ಇನ್ನು ಫೋಕಸ್. ಕ್ಯಾಮೆರಾದ ಪರದೆಯಲ್ಲಿ ಚುಕ್ಕಿ ಕಂಡಿತೆಂದು ಅಲ್ಲಿಗೇ ಬಿಡುವವರೇ ಹೆಚ್ಚು. ಕೂದಲೆಳೆಯಷ್ಟು ತಪ್ಪಿದರೂ ನಕ್ಷತ್ರದ ಬೆಳಕು ಸುತ್ತಲಿನ ಪಿಕ್ಸೆಲ್‌ಗಳಿಗೆ ಹರಡಿ, ಮಸುಕಾದವು ಮಾಯವಾಗುತ್ತವೆ. ಕೊಳವೆಯನ್ನು 45 ನಿಮಿಷ ಮುಂಚೆಯೇ ಹೊರಗಿಟ್ಟು ತಣಿಸಿ. ಹತ್ತಿರದ ರೋಹಿಣಿಯತ್ತ ತಿರುಗಿಸಿ, ಪರದೆಯ ನೇರ ದೃಶ್ಯವನ್ನು (ಲೈವ್ ವ್ಯೂ) 10 ಪಟ್ಟು ಹಿಗ್ಗಿಸಿ, ಕೊಳವೆಯ ಮುಂದೆ ಬಹ್ತಿನೊವ್ ಮಾಸ್ಕ್ (ಓರೆ ಸೀಳುಗಳಿರುವ ಮುಚ್ಚಳ) ಹಾಕಿ. ಮೂರು ಗೆರೆ ಕಾಣುತ್ತವೆ. ನಡುವಿನದು ಉಳಿದೆರಡರ ಸರಿಮಧ್ಯಕ್ಕೆ ಬರುವವರೆಗೆ ಫೋಕಸ್ ಗುಬ್ಬಿ ತಿರುಗಿಸಿ. ದಪ್ಪ ರಟ್ಟಿನಲ್ಲಿ ಕತ್ತರಿಸಿದ ಮಾಸ್ಕ್ ಕೂಡ ನಡೆಯುತ್ತದೆ. ಫೋಕಸ್ ಹಿಡಿದಿಡುವ ಲಾಕ್ ಸ್ಕ್ರೂ ಬಿಗಿಯುವಾಗ ಫೋಕಸ್ ಸರಿಯುತ್ತದೆ, ಬಿಗಿದ ಮೇಲೆ ಮತ್ತೆ ಗೆರೆ ನೋಡಿ. ಚಳಿ ಏರಿದಂತೆ ಕೊಳವೆ ಕುಗ್ಗುತ್ತದೆ. ಗಂಟೆಗೊಮ್ಮೆ ಪರೀಕ್ಷೆ ತಪ್ಪಿಸಬೇಡಿ. ಅಕ್ರೊಮ್ಯಾಟ್ (ಎರಡು ಗಾಜಿನ ಸಾಮಾನ್ಯ ಜೋಡಿ) ಮಸೂರವಾದರೆ ನೀಲಿ ನಕ್ಷತ್ರಗಳ ಸುತ್ತ ನೇರಳೆ ಪ್ರಭೆ ಉಳಿದೇ ಉಳಿಯುತ್ತದೆ. ಅದನ್ನು ಓಡಿಸಲು ಫೋಕಸ್ ಕೆಡಿಸಬೇಡಿ. ಮಾಸ್ಕ್ ತೆಗೆಯಲು ಮರೆಯಬೇಡಿ, ಮರೆಯುವವರಿದ್ದಾರೆ.

ಐಎಸ್‌ಒ (ಬೆಳಕಿನ ಸಂವೇದನೆ) 1600, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಚಿತ್ರ), 30 ಸೆಕೆಂಡಿನ 40 ಚಿತ್ರ. ಬಟನ್ ಒತ್ತಿದರೆ ಅಲುಗುತ್ತದೆ, ರಿಮೋಟ್ ಇರಲಿ. ಮೌಂಟ್‌ಗೆ ಮೋಟಾರು ಇಲ್ಲದಿದ್ದರೆ ಒಂದೊಂದು ಚಿತ್ರವನ್ನೂ ಒಂದು ಸೆಕೆಂಡಿನೊಳಗೇ ಮುಗಿಸಿ, ಇಲ್ಲವಾದರೆ ಚುಕ್ಕಿ ಗೆರೆಯಾಗುತ್ತದೆ. ಆಗ ನೂರಾರು ಚಿತ್ರ ಬೇಕು. ಕೊನೆಗೆ ಅಲ್ಲೇ, ಅದೇ ಚಳಿಯಲ್ಲಿ, ಮುಚ್ಚಳ ಹಾಕಿ ಅಷ್ಟೇ ಅವಧಿಯ 15 ಕಪ್ಪು ಚಿತ್ರ ತೆಗೆಯಿರಿ. ಮನೆಗೆ ಬಂದು ತೆಗೆದರೆ ಸೆನ್ಸರ್‌ನ ಬಿಸಿ ಬೇರೆಯಾಗಿ, ಸೆನ್ಸರ್ ತಾನೇ ಹುಟ್ಟಿಸುವ ಸುಳ್ಳು ಚುಕ್ಕೆಗಳು ಚಿತ್ರದಿಂದ ಸರಿಯಾಗಿ ಕಳೆಯುವುದಿಲ್ಲ.

ಎಲ್ಲವನ್ನೂ, ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿ ಒಂದೇ ಚಿತ್ರ ಮಾಡುವ, ಉಚಿತವಾಗಿ ಸಿಗುವ ಡೀಪ್‌ಸ್ಕೈಸ್ಟ್ಯಾಕರ್ ತಂತ್ರಾಂಶಕ್ಕೆ ಹಾಕಿ. ಬಂದ ಚಿತ್ರ ಮೊದಲು ಕಪ್ಪಗೆ ಕಾಣುತ್ತದೆ. ಫೋಟೊ ತಿದ್ದುವ ತಂತ್ರಾಂಶದ ಕರ್ವ್ಸ್‌ನಲ್ಲಿ ಬೆಳಕನ್ನು ಸ್ವಲ್ಪಸ್ವಲ್ಪವೇ ಎತ್ತಿ, ನಕ್ಷತ್ರಗಳ ನೀಲಿ ಬಿಳುಚುವ ಮೊದಲು ನಿಲ್ಲಿಸಿ.