ರಿಜಿಸ್ಟರ್ ಬದಲು ಸ್ಕ್ಯಾನರ್: ಗ್ರಂಥಾಲಯದ ಬಾಗಿಲಲ್ಲಿ ಡಿಜಿಟಲ್ ಹಾಜರಿ

ಹಾಜರಿ ಪುಸ್ತಕ ಎತ್ತಿಟ್ಟು ಕಂಪ್ಯೂಟರ್ ಕೂರಿಸಲು ಹೊರಟವರು ಮೊದಲು ಸ್ಕ್ಯಾನರ್ ಕೊಳ್ಳುತ್ತಾರೆ. ಕೆಲಸ ಕೆಡುವುದೇ ಅಲ್ಲಿ. ಮೊದಲು ಸಿದ್ಧವಾಗಬೇಕಾದದ್ದು ಸದಸ್ಯರ ಪಟ್ಟಿ.

1. ಪಟ್ಟಿ ಸರಿಪಡಿಸಿ. ಕಾರ್ಡ್ ಸಂಖ್ಯೆ, ಹೆಸರು, ವಿಭಾಗ, ಅವಧಿ ಮುಗಿಯುವ ದಿನ, ಇಷ್ಟೇ ಸಾಕು. ಫೋನ್, ವಿಳಾಸ ಬಾಗಿಲ ಬಳಿಯ ಕಂಪ್ಯೂಟರಿಗೆ ಬೇಡವೇ ಬೇಡ. ಪಟ್ಟಿಯ ಸಿಎಸ್‌ವಿ ಫೈಲನ್ನು (ಕಾಲಮ್ಮುಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯದ ಫೈಲ್) ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ 00417 ಎಂಬ ಕಾರ್ಡ್ ಸಂಖ್ಯೆ 417 ಆಗುತ್ತದೆ. ಆಮೇಲೆ ಸ್ಕ್ಯಾನರ್ ಸರಿಯಾಗಿ ಓದಿದರೂ ಪರದೆ ‘ಸದಸ್ಯರಿಲ್ಲ’ ಎನ್ನುತ್ತದೆ, ಬೈಗುಳ ಸ್ಕ್ಯಾನರಿಗೆ. ಸಂಖ್ಯೆ 15 ಅಂಕಿ ದಾಟಿದ್ದರೆ ಇನ್ನೂ ಕಷ್ಟ: ಮಿಕ್ಕ ಅಂಕಿಗಳೆಲ್ಲ ಸೊನ್ನೆಯಾಗುತ್ತವೆ, ಮತ್ತೆ ಸಿಗುವುದಿಲ್ಲ. ಫೈಲನ್ನು ‘ಇಂಪೋರ್ಟ್’ ಮೂಲಕ ತೆರೆದು ಆ ಕಾಲಮ್ಮನ್ನು ‘ಟೆಕ್ಸ್ಟ್’ ಎಂದು ಗುರುತಿಸಿ. ಉಳಿಸುವಾಗ ಯುಟಿಎಫ್-8 ಎಂಬ ಅಕ್ಷರ ಸಂಕೇತ ಆರಿಸಿ, ಇಲ್ಲವಾದರೆ ಕನ್ನಡದ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ.

2. ಕಾರ್ಡು. ಬಾರ್‌ಕೋಡಿಗೆ ಕೋಡ್ 128 ಎಂಬ ಮಾದರಿ ಬಳಸಿ. ಕೋಡ್ 39 ಎಂಬ ಇನ್ನೊಂದು ಮಾದರಿಯಲ್ಲಿ ಅದೇ ಸಂಖ್ಯೆ ಹೆಚ್ಚು ಅಗಲ ಬೇಡುತ್ತದೆ. ಎರಡೂ ಬದಿಯಲ್ಲಿ ಅತಿ ಸಣ್ಣ ಗೆರೆಯ ಅಗಲದ ಹತ್ತು ಪಟ್ಟು ಬಿಳಿ ಜಾಗ ಬಿಡಲೇಬೇಕು. ಚೆಂದಕ್ಕೆಂದು ಬಾರ್‌ಕೋಡಿಗೆ ಅಂಟಿಸಿ ಚೌಕಟ್ಟು ಎಳೆದ ಕಾರ್ಡುಗಳು ಓದಿಸಿಕೊಳ್ಳದೆ ಸತಾಯಿಸುವುದು ಇದಕ್ಕೇ. ಹೊಳಪಿನ ಲ್ಯಾಮಿನೇಶನ್ ಬೇಡ, ಮ್ಯಾಟ್ ಹಾಕಿಸಿ.

3. ಸ್ಕ್ಯಾನರ್. ಸ್ಟ್ಯಾಂಡ್ ಮೇಲೆ ಕೂರುವ ಯುಎಸ್‌ಬಿ ಇಮೇಜರ್ (ಕ್ಯಾಮೆರಾದಂತೆ ಚಿತ್ರ ಹಿಡಿದು ಓದುವ ಸ್ಕ್ಯಾನರ್) ಕೊಳ್ಳಿ. ಲೇಸರ್ ಸ್ಕ್ಯಾನರಿಗೆ ಮೊಬೈಲ್ ಪರದೆಯಲ್ಲಿ ತೋರಿಸಿದ ಬಾರ್‌ಕೋಡ್ ಓದುವುದು ಕಷ್ಟ. ಕಂಪ್ಯೂಟರಿಗೆ ಸ್ಕ್ಯಾನರ್ ಒಂದು ಕೀಬೋರ್ಡ್ ಇದ್ದಂತೆ; ಸಂಖ್ಯೆಯ ಕೊನೆಗೆ ತಾನೇ ‘ಎಂಟರ್’ ಒತ್ತುವಂತೆ, ಕೈಪಿಡಿಯಲ್ಲಿರುವ ‘ಎಂಟರ್ ಸಫಿಕ್ಸ್’ ಕೋಡನ್ನು ಒಮ್ಮೆ ಸ್ಕ್ಯಾನ್ ಮಾಡಿಬಿಡಿ.

ಗೋಡೆಗೆ ಕ್ಯುಆರ್ ಅಂಟಿಸಿ ಗೂಗಲ್ ಫಾರ್ಮ್ ತುಂಬಿಸಿಕೊಳ್ಳುವ ಅಡ್ಡದಾರಿ ಹಿಡಿಯಬೇಡಿ. ಒಬ್ಬರು ಫೋಟೊ ತೆಗೆದುಕೊಂಡು ಹೋದರೆ ಮನೆಯಲ್ಲಿ ಕುಳಿತೇ ‘ಹಾಜರಿ’ ಬೀಳುತ್ತದೆ.

4. ತಂತ್ರಾಂಶ. ಕೋಹಾ (ಗ್ರಂಥಾಲಯ ನಿರ್ವಹಣೆಯ ಮುಕ್ತ ತಂತ್ರಾಂಶ) ಇದ್ದರೆ ಅದರ ಸದಸ್ಯರ ಕೋಷ್ಟಕವನ್ನೇ ಓದುವ ಮುಕ್ತ ಹಾಜರಿ ತಂತ್ರಾಂಶಗಳಿವೆ. ಆದರೆ ಹಾಜರಿ ತಂತ್ರಾಂಶಕ್ಕೆ ಕೋಹಾ ದತ್ತಾಂಶವನ್ನು ಓದುವ ಅನುಮತಿ ಮಾತ್ರ ಕೊಡಿ, ಬರೆಯುವುದು ಬೇಡ.

5. ಒಳಗೆ–ಹೊರಗೆ. ಎಡವುವುದು ಹೆಚ್ಚಾಗಿ ಇಲ್ಲೇ. ಮೊದಲ ಸ್ಕ್ಯಾನ್ ಪ್ರವೇಶ, ಎರಡನೆಯದು ನಿರ್ಗಮನ ಎಂಬುದು ಸಾಮಾನ್ಯ ನಿಯಮ. ‘ಬೀಪ್’ ಕೇಳಿಸದವರು ತಕ್ಷಣ ಇನ್ನೊಮ್ಮೆ ಕಾರ್ಡು ಹಿಡಿಯುತ್ತಾರೆ. ಒಳಬಂದ ಕ್ಷಣದಲ್ಲೇ ಹೊರಹೋದಂತೆ ದಾಖಲಾಗುತ್ತದೆ. ಅದೇ ಕಾರ್ಡನ್ನು 30 ಸೆಕೆಂಡು ನಿರ್ಲಕ್ಷಿಸುವಂತೆ ಹೊಂದಿಸಿ. ಪ್ರವೇಶಕ್ಕೊಂದು, ನಿರ್ಗಮನಕ್ಕೊಂದು ಬೇರೆ ಸದ್ದು ಇಡಿ, ಹೆಸರು ದೊಡ್ಡದಾಗಿ ಮೂಡಲಿ.

ಹೋಗುವಾಗ ಸ್ಕ್ಯಾನ್ ಮರೆಯುವವರು ಇದ್ದೇ ಇರುತ್ತಾರೆ. ಹಿಂದಿನ ದಿನದ ದಾಖಲೆ ತೆರೆದೇ ಉಳಿದರೆ ಮರುದಿನ ಬೆಳಗಿನ ಪ್ರವೇಶ ನಿರ್ಗಮನವಾಗಿ, ಆ ವ್ಯಕ್ತಿ ಇಡೀ ರಾತ್ರಿ ಓದಿದಂತೆ ವರದಿ ಬರುತ್ತದೆ. ಬಾಗಿಲು ಹಾಕುವ ಹೊತ್ತಿಗೆ ಎಲ್ಲ ದಾಖಲೆಗಳೂ ತಾವೇ ಮುಚ್ಚುವಂತೆ ಮಾಡಿ. ಅಂಥವಕ್ಕೆ ‘ಸ್ವಯಂ’ ಎಂಬ ಗುರುತು ಹಾಕಿಸಿ; ತಲೆ ಎಣಿಕೆಗೆ ಅವು ಸೇರಲಿ, ಸರಾಸರಿ ಸಮಯದ ಲೆಕ್ಕಕ್ಕೆ ಬೇಡ. ಸಮಯ ಸರ್ವರಿನದೇ ಇರಬೇಕು. ಬಾಗಿಲ ಬಳಿಯ ಹಳೇ ಕಂಪ್ಯೂಟರಿನ ಬ್ಯಾಟರಿ ಸತ್ತಿದ್ದರೆ ಗಡಿಯಾರ ಯಾವುದೋ ವರ್ಷ ತೋರಿಸುತ್ತಿರುತ್ತದೆ.

6. ಒಂದು ವಾರ ಪುಸ್ತಕ, ಸ್ಕ್ಯಾನರ್ ಎರಡೂ ಇರಲಿ. ಸಂಜೆ ಎರಡರ ಎಣಿಕೆ ತಾಳೆ ನೋಡಿ. ಆಮೇಲೆ ಪುಸ್ತಕ ತೆಗೆದುಬಿಡಿ, ಇಲ್ಲದಿದ್ದರೆ ಜನ ಅದಕ್ಕೇ ಸಹಿ ಹಾಕುತ್ತಾರೆ. ಕರೆಂಟ್ ಹೋದಾಗಿನ ಬಳಕೆಗೆ, ಕಾರ್ಡ್ ಸಂಖ್ಯೆ ಮತ್ತು ಸಮಯದ ಎರಡೇ ಕಾಲಮ್ಮಿನ ಬಿಡಿ ಹಾಳೆಗಳನ್ನು ಮೇಜಿನ ಡ್ರಾಯರಿನಲ್ಲಿ ಇಟ್ಟಿರಿ. ಅವನ್ನು ಅದೇ ದಿನ ಟೈಪ್ ಮಾಡಿ ಸೇರಿಸಬೇಕು.